ಎಆರ್ ಕನ್ನಡಕ: ನನಗೆ ಸರಿ ಕಾಣುವ ಚುಕ್ಕಿ ಅಮ್ಮನಿಗೆ ಪಕ್ಕಕ್ಕೆ ಸರಿಯುತ್ತದೆ

ಡೊಂಬಿವಲಿ_ಧಾರವಾಡ:
ಅಮ್ಮ ಕಸೂತಿ ಹಾಕುತ್ತಾರೆ. ಅದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಈಗೀಗ ಎಣಿಸಲು ಕಣ್ಣಿಗೆ ಕಷ್ಟ. ಎಆರ್ ಕನ್ನಡಕ ಅಂದರೆ ಎದುರಿನ ನೋಟದ ಮೇಲೆಯೇ ಕಂಪ್ಯೂಟರ್ ಚಿತ್ರ ತೋರಿಸುವ ಕನ್ನಡಕ. ಸೂಜಿ ಚುಚ್ಚುವ ಜಾಗದಲ್ಲಿ ಚುಕ್ಕಿ ತೋರಿಸುವ ಆಪ್ ಅದಕ್ಕೆ ಬರೆದಿದ್ದೇನೆ. ನನಗೆ ಚುಕ್ಕಿ ಸರಿಯಾದ ಜಾಗದಲ್ಲೇ ಕಾಣುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡರೆ ಚುಕ್ಕಿ ಪಕ್ಕಕ್ಕೆ ಹೋಗುತ್ತದೆ. ಕ್ಯಾಲಿಬ್ರೇಷನ್‌ಗೆ, ಅಂದರೆ ಕನ್ನಡಕವನ್ನು ನೋಡುವವರ ಕಣ್ಣಿಗೆ ಹೊಂದಿಸಲು, ಎಸ್‌ಪಿಎಎಎಂ ವಿಧಾನ ಬಳಸಿದ್ದೇನೆ. ಅದರಲ್ಲಿ ಪರದೆಯ ಗುರುತನ್ನು ಎದುರಿನ ನಿಜವಾದ ಬಿಂದುವಿನ ಮೇಲೆ ಕೂರಿಸಬೇಕು, ಅದೇ ಒಂದು ಗುರಿ. ಸುಮಾರು ಸಲ ಗುರಿ ಹೊಂದಿಸಬೇಕು, ಅಮ್ಮ ಅರ್ಧಕ್ಕೇ ಸುಸ್ತಾಗುತ್ತಾರೆ. ಸುಲಭದ ದಾರಿ ಇದೆಯಾ?

ಕೋಥ್ರೂಡ್_ಅಕ್ಕ:
ತಲೆ ಆಡಿಸಿದರೆ ಚುಕ್ಕಿ ತೇಲುತ್ತದಾ, ಇಲ್ಲಾ ಯಾವಾಗಲೂ ಒಂದೇ ಕಡೆಗೆ ಸರಿದಿರುತ್ತದಾ? 2 ಮೀಟರ್ ದೂರದ ಗೋಡೆಯ ಮೇಲೆ ಹೇಗೆ?

ಡೊಂಬಿವಲಿ_ಧಾರವಾಡ:
ಒಂದೇ ಕಡೆಗೆ ಅಕ್ಕ. ಗೋಡೆಯ ಮೇಲೆ ಸರಿಯಾಗಿಯೇ ಇದೆ!

ಕೋಥ್ರೂಡ್_ಅಕ್ಕ:
ಹಾಗಾದರೆ ಟ್ರ್ಯಾಕಿಂಗ್, ಅಂದರೆ ತಲೆಯ ಚಲನೆ ಗುರುತಿಸುವುದು, ಚೆನ್ನಾಗಿದೆ. ಅಮ್ಮನ ಕಣ್ಣು ಎಲ್ಲಿದೆ ಅಂತ ಆಪ್‌ಗೆ ಗೊತ್ತಿಲ್ಲ, ಅಷ್ಟೇ. ನಿಮ್ಮ ಕನ್ನಡಕದ ಚಿತ್ರ ಸುಮಾರು 2 ಮೀಟರ್ ದೂರದಲ್ಲಿ ಮೂಡುತ್ತಿರಬೇಕು. ಅಲ್ಲಿ ಕಣ್ಣು ಸ್ವಲ್ಪ ಆಚೀಚೆ ಇದ್ದರೂ ತಪ್ಪು ಕಾಣುವುದಿಲ್ಲ. ಬಟ್ಟೆ 40 ಸೆಂ.ಮೀ. ದೂರದಲ್ಲಿದ್ದರೆ, ಕಣ್ಣು 5 ಮಿ.ಮೀ. ಸರಿದಾಗ ಚುಕ್ಕಿ 4 ಮಿ.ಮೀ. ಸರಿಯುತ್ತದೆ. ಕಸೂತಿಗೆ ಅದು ತುಂಬಾ ಜಾಸ್ತಿ.

ಟುಸೆರಿಯಾನ್ ಮತ್ತು ನವಾಬ್ 2000ರಲ್ಲಿ ತಂದ ಎಸ್‌ಪಿಎಎಎಂನಲ್ಲಿ ಕಣ್ಣು, ಪರದೆ ಎರಡನ್ನೂ ಸೇರಿಸಿ 11 ಸಂಖ್ಯೆ ಕಂಡುಹಿಡಿಯಬೇಕು. ಒಂದು ಗುರಿ 2 ಸಮೀಕರಣ ಕೊಡುತ್ತದೆ. ಅಲ್ಲಿಗೆ ಕಡಿಮೆಯೆಂದರೂ 6 ಗುರಿ, ತಲೆಯ ಅಲುಗಾಟಕ್ಕೆ ಇನ್ನಷ್ಟು. ಆದರೆ ಪರದೆ ಬದಲಾಗುವುದಿಲ್ಲ ಅಲ್ವಾ? ಅದರ ಲೆಕ್ಕವನ್ನು ಎಸ್‌ಡಿಕೆಯಿಂದಲೇ (ಕನ್ನಡಕದ ಕಂಪನಿ ಆಪ್ ಬರೆಯುವವರಿಗೆ ಕೊಡುವ ಸಾಫ್ಟ್‌ವೇರ್) ತೆಗೆದುಕೊಳ್ಳಿ. ಆಗ ಉಳಿಯುವುದು ಕಣ್ಣಿನ ಜಾಗ, ಅಂದರೆ ಬರೀ 3 ಸಂಖ್ಯೆ. ಒಂದೊಂದು ಕಣ್ಣಿಗೆ 3 ಗುರಿ ಸಾಕು. ಇನ್ನೊಂದು ಕಣ್ಣು ಮುಚ್ಚಿರಲಿ. ಗುರಿಗಳನ್ನು ಕಸೂತಿ ರಿಂಗ್‌ನ ಮೇಲೇ ಇಡಿ, ಗೋಡೆಯ ಮೇಲೆ ಬೇಡ. ಅಮ್ಮ ಕೂತಲ್ಲೇ ಮುಗಿಸಬಹುದು.

ಮಡಗಾಂವ್_ಮಂಜು:
ಕನ್ನಡಕದ ಅಂಗಡಿಯಲ್ಲಿ ಅಮ್ಮನ ಪಿಡಿ ಅಳೆಸಿಕೊಳ್ಳಿ. ಎರಡು ಪಾಪೆಗಳ ನಡುವಿನ ದೂರ ಅದು. ಮೊದಲ ಅಂದಾಜಿಗೆ ಒಳ್ಳೆಯದು. ದೂರದ ನೋಟದ್ದೇ ಕೇಳಿ, ಹತ್ತಿರ ನೋಡುವಾಗ ಪಾಪೆಗಳು ಒಳಕ್ಕೆ ತಿರುಗುತ್ತವೆ.

ಡೊಂಬಿವಲಿ_ಧಾರವಾಡ:
ಅಕ್ಕ, ಚುಕ್ಕಿ ಎಳೆಯ ಮೇಲೆ ಕೂತಿತು! ಅಮ್ಮ ಕಸೂತಿಯ ಅಂಕುಡೊಂಕು ಮುರ್ಗಿ ಹೊಲಿಗೆ ಶುರುಮಾಡಿದ್ದಾರೆ. ಆದರೆ ಇಲ್ಲಿಯ ಸೆಕೆಗೆ ಬೆವರಿ ಕನ್ನಡಕ ಜಾರುತ್ತದೆ. ಆಗ ಮತ್ತೆ ಮೊದಲಿಂದ ಮಾಡಬೇಕಾ?

ಕೋಥ್ರೂಡ್_ಅಕ್ಕ:
ಬೇಡ. ಅಮ್ಮನ ಹೆಸರಿನಲ್ಲಿ ಹಳೆಯ ಲೆಕ್ಕ ಉಳಿಸಿಡಿ. ಜಾರಿದಾಗ ಹೆಚ್ಚಾಗಿ ಬದಲಾಗುವುದು ಮೇಲೆ-ಕೆಳಗಿನ ಅಳತೆ. ಅದನ್ನು ತಿದ್ದಲು ಒಂದೇ ಗುರಿ ಸಾಕು. ಆಪ್‌ನಲ್ಲಿ ಅದಕ್ಕೊಂದು ದೊಡ್ಡ ಬಟನ್ ಇಡಿ. ಮೂಗಿನ ಪ್ಯಾಡ್‌ಗೆ ಸಿಲಿಕೋನ್‌ನದು ಹಾಕಿಸಿ, ಜಾರುವುದೂ ಕಡಿಮೆಯಾಗುತ್ತದೆ.