ಶೀತಲ ಸಮರದ ಅಂತ್ಯವನ್ನು ಕಾಣದ ಸಿದ್ಧಾಂತವನ್ನು ಏಕೆ ಓದಬೇಕು?

ಪ್ರಶ್ನೆ:
ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸ ಕೆನೆತ್ ವಾಲ್ಟ್ಜ್ 1979ರಲ್ಲಿ ಮಂಡಿಸಿದ ನವವಾಸ್ತವವಾದವನ್ನು ಓದುತ್ತಿದ್ದೇನೆ. ರಾಷ್ಟ್ರಗಳ ಮೇಲೆ ಯಾವ ಅಧಿಕಾರವೂ ಇಲ್ಲದ ಕಾರಣ ಅವು ಒಂದರ ಬಲವನ್ನು ಇನ್ನೊಂದು ಸರಿದೂಗಿಸುತ್ತ ಹೋಗುತ್ತವೆ, ಎರಡೇ ಮಹಾಶಕ್ತಿಗಳಿರುವ ದ್ವಿಧ್ರುವ ಜಗತ್ತೇ ಹೆಚ್ಚು ಸ್ಥಿರ ಎಂದು ಅವರು ವಾದಿಸಿದರು. 1991ರ ಹೊತ್ತಿಗೆ ಒಂದು ಧ್ರುವವಾದ ಸೋವಿಯತ್ ಒಕ್ಕೂಟವೇ ಯುದ್ಧವಿಲ್ಲದೆ ಕುಸಿದಿತ್ತು. ಇಷ್ಟಾದ ಮೇಲೂ ಪಠ್ಯಗಳು ಈ ಸಿದ್ಧಾಂತದಿಂದಲೇ ಆರಂಭವಾಗುವುದೇಕೆ?

ಉತ್ತರ 1:
ಭವಿಷ್ಯ ನುಡಿಯಲಿಲ್ಲ ಎಂಬ ಆಕ್ಷೇಪ ಅಷ್ಟು ಬಲವಾದುದಲ್ಲ. ಕೆಲವೇ ದೊಡ್ಡ ಸಂಗತಿಗಳನ್ನು ವಿವರಿಸುವುದಷ್ಟೇ ತಮ್ಮ ಗುರಿ, ಒಂದೊಂದು ದೇಶದ ವಿದೇಶಾಂಗ ನೀತಿಯನ್ನಲ್ಲ ಎಂದು ವಾಲ್ಟ್ಜ್ ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ 1988ರ ಡಿಸೆಂಬರ್‌ನಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ವಿಶ್ವಸಂಸ್ಥೆಯಲ್ಲಿ ನಿಂತು, ಎದುರಾಳಿಯಿಂದ ಏನನ್ನೂ ಕೇಳದೆ, ಐದು ಲಕ್ಷ ಸೈನಿಕರನ್ನು ಕಡಿತಗೊಳಿಸುವುದಾಗಿ ಘೋಷಿಸಿದ್ದನ್ನು ನೆನೆಯಿರಿ. ಸೊರಗಿದ ಆರ್ಥಿಕತೆ ಅವರ ಮೇಲಿದ್ದ ಒತ್ತಡವನ್ನು ವಿವರಿಸಬಲ್ಲದು. ಆ ಒತ್ತಡಕ್ಕೆ ಉತ್ತರವಾಗಿ ಹಿಂದೆ ಸರಿಯುವ ದಾರಿಯನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ನಾಯಕರ ವಿಚಾರಗಳನ್ನೂ ಆಂತರಿಕ ರಾಜಕೀಯವನ್ನೂ ನೋಡಲೇಬೇಕು. ಈ ಸಿದ್ಧಾಂತ ತಿಳಿದೂ ತಿಳಿದೂ ಹೊರಗಿಟ್ಟದ್ದು ಅವನ್ನೇ.

ಉತ್ತರ 2:
ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದ ಪೆಟ್ಟು ಬಿದ್ದದ್ದು ಇತಿಹಾಸದ ಕಡೆಯಿಂದ. ಯುರೋಪಿನ ರಾಜತಾಂತ್ರಿಕ ಇತಿಹಾಸವನ್ನು ಆಳವಾಗಿ ಬಲ್ಲ ಪಾಲ್ ಶ್ರೋಡರ್, ಅಪಾಯ ಎದುರಾದಾಗ ರಾಷ್ಟ್ರಗಳು ಅನೇಕ ಬಾರಿ ಬಲವನ್ನು ಸರಿದೂಗಿಸಲು ಹೊರಡದೆ ಅಡಗಿಕೊಂಡವು, ಬಲಿಷ್ಠನ ಪಕ್ಷ ಸೇರಿದವು, ಇಲ್ಲವೇ ಸಂಘರ್ಷವನ್ನೇ ಮೀರುವ ನಿಯಮಗಳನ್ನು ಕಟ್ಟಲು ಯತ್ನಿಸಿದವು ಎಂದು 1994ರಲ್ಲಿ ತೋರಿಸಿದರು. ರಾಷ್ಟ್ರಗಳ ನಡೆಯನ್ನು ಬಲ ಮತ್ತು ಭದ್ರತೆಯಿಂದ ವಿವರಿಸುವ ವಾಸ್ತವವಾದಿಗಳ ಪಾಳೆಯದಲ್ಲೂ ತಿದ್ದುಪಡಿಗಳು ಬಂದವು: ರಾಷ್ಟ್ರಗಳು ಸರಿದೂಗಿಸುವುದು ಬಲವನ್ನಲ್ಲ, ಬೆದರಿಕೆಯನ್ನು ಎಂದರು ಸ್ಟೀಫನ್ ವಾಲ್ಟ್, ಲಾಭದ ಆಸೆಯಿಂದ ಬಲಿಷ್ಠನನ್ನು ಸೇರುವುದೂ ಉಂಟು ಎಂದರು ರ‍್ಯಾಂಡಲ್ ಶ್ವೆಲ್ಲರ್. ಎದುರು ನಿಂತರೂ ಜೊತೆ ಸೇರಿದರೂ ವಾಸ್ತವವಾದವೇ ಗೆಲ್ಲುವುದಾದರೆ ಅದನ್ನು ಸುಳ್ಳಾಗಿಸುವ ಸಾಕ್ಷ್ಯ ಯಾವುದು? 1997ರಲ್ಲಿ ಜಾನ್ ವಾಸ್ಕ್ವೆಜ್ ಎತ್ತಿದ ಆಕ್ಷೇಪದ ತಿರುಳು ಇದೇ, ಮತ್ತು ನನಗೆ ತೃಪ್ತಿ ಕೊಡುವ ಉತ್ತರ ಈವರೆಗೆ ಸಿಕ್ಕಿಲ್ಲ.

ಉತ್ತರ 3:
ಮೇಲಿನ ಇಬ್ಬರೂ ಚರ್ಚಿಸಿರುವುದು ಮಹಾಶಕ್ತಿಗಳನ್ನು, ಅದರಲ್ಲೂ ಬಹುಮಟ್ಟಿಗೆ ಯುರೋಪನ್ನು ಎಂಬುದನ್ನು ಗಮನಿಸಬೇಕು. ವಾಲ್ಟ್ಜ್ ಅವರ ಇಡೀ ಕಟ್ಟಡ ನಿಂತಿರುವುದು ರಾಷ್ಟ್ರದ ಒಳಗೆ ಶ್ರೇಣಿ (ಮೇಲೊಂದು ಅಧಿಕಾರ), ಹೊರಗೆ ಅರಾಜಕತೆ (ಮೇಲೆ ಯಾವ ಅಧಿಕಾರವೂ ಇಲ್ಲ) ಎಂಬ ವಿಭಜನೆಯ ಮೇಲೆ. ವಸಾಹತು ಆಳ್ವಿಕೆಯಿಂದ ಹೊರಬಂದ ಅನೇಕ ರಾಷ್ಟ್ರಗಳಲ್ಲಿ ಭದ್ರತೆಗೆ ಮೊದಲ ಅಪಾಯ ಬಂದದ್ದು ಗಡಿಯ ಒಳಗಿನಿಂದ, ಏಕೆಂದರೆ ಅಲ್ಲಿ ರಾಷ್ಟ್ರ ಕಟ್ಟುವ ಕೆಲಸವೇ ಇನ್ನೂ ಮುಗಿದಿರಲಿಲ್ಲ. ಮೊಹಮ್ಮದ್ ಅಯೂಬ್ ತಮ್ಮ ಸಬಾಲ್ಟರ್ನ್ ವಾಸ್ತವವಾದದಲ್ಲಿ, ಅಂದರೆ ದುರ್ಬಲ ರಾಷ್ಟ್ರಗಳ ನೆಲೆಯಿಂದ ನೋಡುವ ವಾಸ್ತವವಾದದಲ್ಲಿ, ಒತ್ತಿ ಹೇಳಿದ್ದು ಇದನ್ನೇ. ಇನ್ನೊಂದು ಅಂಶವನ್ನು ಸೇರಿಸಿ ಈ ಕೊರತೆಯನ್ನು ತುಂಬಲಾಗದು, ಏಕೆಂದರೆ ಇಲ್ಲಿ ಅಲುಗಾಡುವುದು ಸಿದ್ಧಾಂತ ಹೊರಡುವ ಮೊದಲ ಗೆರೆಯೇ.