ಮಾಜಿ ಸೈನಿಕರು ಮತ್ತು ವಿಪತ್ತು ರಕ್ಷಣಾ ಸಿಬ್ಬಂದಿಗಾಗಿ ಪ್ರಾರ್ಥನೆಯ ಕೂಟ: ಆರಂಭಿಸುವ ಮುನ್ನ ನಿಮ್ಮ ಸಲಹೆ ಬೇಕು

ಪ್ರಶ್ನೆ: ಕಾವೇರಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಒಂದು ಗ್ರಾಮ. ಸೇನೆಯಲ್ಲಿ ದುಡಿದು ಬಂದವರು ಇಲ್ಲಿ ಬಹಳ ಮಂದಿ ಇದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಹಗಲಿರುಳು ಮಣ್ಣು ಬಗೆದ ಅಗ್ನಿಶಾಮಕ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು ಮತ್ತು ಸ್ವಯಂಸೇವಕರೂ ಸುತ್ತಮುತ್ತ ಇದ್ದಾರೆ.

ನನ್ನ ಅಣ್ಣ ಹವಾಲ್ದಾರ್ ಆಗಿ ನಿವೃತ್ತರಾದವರು. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಕೋವಿಯಿಂದ ಗುಂಡು ಹಾರಿಸುವುದು ನಮ್ಮಲ್ಲಿನ ಪದ್ಧತಿ. ಎಲ್ಲರೂ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಿರುವಾಗ ಅಣ್ಣ ಮಾತ್ರ ಐನ್‌ಮನೆಯ (ಕುಲದ ಮೂಲಮನೆ) ಹಿಂದಿನ ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಹಗ್ಗ ಬಿಗಿಯಾಗಿ ಹಿಡಿದು ನಿಂತಿರುತ್ತಾರೆ. ಅದೇ ಅಣ್ಣ ಬೆಳಗಿನ ಜಾವ ದೀಪ ಹಚ್ಚಿ ಕುಲದ ಮೂಲಪುರುಷರಾದ ಗುರುಕಾರೋಣರ ಮುಂದೆ ಬಹಳ ಹೊತ್ತು ಕುಳಿತು ಎದ್ದರೆ, ಆ ದಿನವೆಲ್ಲ ಮನೆಯವರೊಡನೆ ಸಮಾಧಾನವಾಗಿ ಮಾತನಾಡುತ್ತಾರೆ. ಆಸ್ಪತ್ರೆಯ ಮಾತು ತೆಗೆದರೆ ಎದ್ದು ಹೊರಟುಬಿಡುತ್ತಾರೆ.

ಇದನ್ನು ಕಂಡು, ತಿಂಗಳಿಗೊಮ್ಮೆ ದೇವಸ್ಥಾನದ ಸಭಾಭವನದಲ್ಲಿ ಇಂಥವರನ್ನೆಲ್ಲ ಸೇರಿಸಿ ಪ್ರಾರ್ಥನೆ ಮಾಡಿ, ಅನಂತರ ಅವರವರೇ ಮನಸ್ಸು ಬಿಚ್ಚಿ ಮಾತನಾಡಿಕೊಳ್ಳಲು ಅನುವು ಮಾಡಿಕೊಡಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ದೇವರ ಮೇಲಿನ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡರೆ ಚಿಕಿತ್ಸೆ ಬೇಕಾದವರಿಗೆ ಅದು ತಪ್ಪಿಹೋಗುವ ಅಪಾಯವಿದೆಯೇ? ಬೇರೆ ಧರ್ಮದವರನ್ನೂ ನಂಬಿಕೆಯಿಲ್ಲದವರನ್ನೂ ಒಳಗೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಸುಬೇದಾರ್, ಬೆಳಗಾವಿ

ನಿಮ್ಮ ಎರಡನೆಯ ಪ್ರಶ್ನೆಗೆ ಸೇನೆಯಲ್ಲೇ ಉತ್ತರವಿದೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಹೀಗೆ ಎಲ್ಲ ಧರ್ಮಗುರುಗಳನ್ನೂ ಸೇನೆ ಜೆಸಿಓ (ಕಿರಿಯ ಅಧಿಕಾರಿ) ದರ್ಜೆಯಲ್ಲಿ ನೇಮಿಸಿಕೊಳ್ಳುತ್ತದೆ. ಹಲವು ಕಡೆ ಒಂದೇ ಸೂರಿನಡಿ ಸರ್ವಧರ್ಮ ಸ್ಥಳವಿರುತ್ತದೆ. ಸೈನಿಕರೆಲ್ಲ ಒಟ್ಟಾಗಿ ಪ್ರಾರ್ಥನೆಗೆ ಸೇರುವ ಮಂದಿರ ಪರೇಡ್ ಮುಗಿದ ಮೇಲೆ ಧರ್ಮಗುರುಗಳ ಹತ್ತಿರ ಒಬ್ಬೊಬ್ಬರೇ ಉಳಿದುಕೊಂಡು ಮಾತನಾಡುತ್ತಿದ್ದ ಜವಾನರನ್ನು ನಾನು ಕಂಡಿದ್ದೇನೆ. ವೈದ್ಯರ ಬಳಿ ನಿದ್ರೆ ಬರುತ್ತಿಲ್ಲವೆಂದು ಹೇಳಿದರೆ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿದೀತು, ಪ್ರಮೋಷನ್ ನಿಂತೀತು ಎಂಬ ಭಯ ಅವರಿಗಿರುತ್ತಿತ್ತು; ಧರ್ಮಗುರುಗಳ ಬಳಿ ಆ ಭಯವಿರಲಿಲ್ಲ. ನಿವೃತ್ತಿಯಾಗಿ ವರ್ಷಗಳಾದರೂ ಆ ಹೆದರಿಕೆ ಮೈಯಿಂದ ಬಿಟ್ಟುಹೋಗುವುದಿಲ್ಲ. ನಿಮ್ಮ ಅಣ್ಣನವರು ಆಸ್ಪತ್ರೆಯೆಂದರೆ ಎದ್ದು ಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನೊಂದು ಮಾತು. ಪಕ್ಕದಲ್ಲಿದ್ದವನು ಸತ್ತು ತಾನು ಉಳಿದದ್ದು ಏಕೆ, ಆ ದಿನ ಡ್ಯೂಟಿ ಬದಲಿಸಿಕೊಳ್ಳದೆ ಇದ್ದಿದ್ದರೆ ಅವನು ಬದುಕುತ್ತಿದ್ದನೇ ಎಂಬಂಥ ಪ್ರಶ್ನೆಗಳನ್ನು ಹೊತ್ತವನಿಗೆ ಕ್ಷಮೆ ಬೇಕಾಗಿರುತ್ತದೆ. ಅದನ್ನು ಅವನು ದೇವರಲ್ಲಿ ಕೇಳುತ್ತಾನೆ, ಇಲ್ಲವೇ ಅದೇ ಪ್ರಶ್ನೆ ಹೊತ್ತ ಇನ್ನೊಬ್ಬ ಸೈನಿಕನಲ್ಲಿ ಕೇಳುತ್ತಾನೆ. ಆದ್ದರಿಂದ ನಿಮ್ಮ ಆಲೋಚನೆ ಸರಿಯಾದದ್ದೇ. ಆದರೆ ಜಾಗ ಬದಲಿಸಿ. ದೇವಸ್ಥಾನದ ಬದಲು ಮಾಜಿ ಸೈನಿಕರ ಸಂಘದ ಕಟ್ಟಡವಾದರೆ ಯಾರಿಗೂ ಸಂಕೋಚವಿರುವುದಿಲ್ಲ. ಒಂದು ದೀಪ, ಸ್ವಲ್ಪ ಹೊತ್ತು ಮೌನ. ಆ ಮೌನದಲ್ಲಿ ಅವರವರ ದೇವರನ್ನು ಅವರವರು ನೆನೆಯಲಿ, ನೆನೆಯದವರು ಸುಮ್ಮನೆ ಕೂರಲಿ. ಮುಖ್ಯವಾಗಿ ರ‍್ಯಾಂಕನ್ನು ಬಾಗಿಲ ಹೊರಗೆ ಬಿಡಿಸಿ. ಕರ್ನಲ್ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕುಳಿತರೆ ಸಿಪಾಯಿ ಬಾಯಿ ಬಿಡುವುದಿಲ್ಲ.

ಉತ್ತರ 2: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬೆಂಗಳೂರು

ನಿಮ್ಮ ಮೊದಲನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಕೆಲವು ವಾರ ಉಳಿದುಕೊಂಡಿದ್ದ ತೀವ್ರ ಮಾನಸಿಕ ಕಾಯಿಲೆಯವರನ್ನು ನಿಮ್ಹಾನ್ಸ್‌ನ ಸಂಶೋಧಕರು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅವರ ರೋಗಲಕ್ಷಣಗಳು ಸರಾಸರಿ ಶೇಕಡ 20ರಷ್ಟು ತಗ್ಗಿದ್ದವು. ಅಧ್ಯಯನ ಚಿಕ್ಕದಾದರೂ, ಬೆದರಿಕೆಯಿಲ್ಲದ, ಆಸರೆ ನೀಡುವ ವಾತಾವರಣಕ್ಕೆ ಎಷ್ಟು ಬಲವಿದೆಯೆಂಬುದು ಅದರಿಂದ ತಿಳಿಯುತ್ತದೆ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ವಾಸಿಯಾಗಲೆಂದು ಕರೆತಂದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದ ಆಶ್ರಯಧಾಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು, ಓಡಲಾಗದೆ 28 ಜನ ಸತ್ತರು. ಎರಡನ್ನೂ ನೆನಪಿನಲ್ಲಿಟ್ಟುಕೊಂಡೇ ಇಂಥ ಕೆಲಸಕ್ಕೆ ಇಳಿಯಬೇಕು.

ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ (ಔಷಧಿ ಮತ್ತು ಪ್ರಾರ್ಥನೆ) ಎಂಬ ವ್ಯವಸ್ಥೆಯಿದೆ. ಅಲ್ಲಿ ಪ್ರಾರ್ಥನೆ ಮಾಡಿಸುವ ಮುಜಾವರರೇ ಕಾಯಿಲೆಯ ಲಕ್ಷಣ ಕಂಡವರನ್ನು ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ನಿಮ್ಮ ಕೂಟವೂ ಹೀಗೆಯೇ ನಡೆಯಲಿ. ಪ್ರಾರ್ಥನೆಯಿಂದ ವಾಸಿಯಾಗುತ್ತದೆಂದು ಯಾರೂ ಭರವಸೆ ಕೊಡಬಾರದು, ಮಾತ್ರೆ ನಿಲ್ಲಿಸಲು ಯಾರೂ ಹೇಳಬಾರದು, ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಜೊತೆಗೆ, ನಡೆದ ಘಟನೆಯನ್ನು ವಿವರವಾಗಿ ಹೇಳಿಕೊಳ್ಳಲೇಬೇಕೆಂದು ಯಾರನ್ನೂ ಒತ್ತಾಯಿಸಬೇಡಿ. ಆಘಾತವಾದವರನ್ನು ಒಂದೇ ಬಾರಿಗೆ ಕೂರಿಸಿ ಎಲ್ಲವನ್ನೂ ಹೇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡವೆನ್ನುತ್ತದೆ. ಆಘಾತವನ್ನೇ ಗುರಿಯಾಗಿಸಿಕೊಂಡ ಮಾತಿನ ಚಿಕಿತ್ಸೆಗಳಿವೆ. ಅವುಗಳನ್ನು ತರಬೇತಿ ಪಡೆದವರೇ ಮಾಡಬೇಕು.

ಕೊಡಗಿನವರಾದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ನಿಮ್ಮಲ್ಲಿ ಪರವಾನಗಿ ವಿನಾಯಿತಿಯಿಂದಾಗಿ ಬಹಳಷ್ಟು ಮನೆಗಳಲ್ಲಿ ಕೋವಿಯಿರುತ್ತದೆ. ಬದುಕುವುದು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ನೇರವಾಗಿ, ಮೃದುವಾಗಿ ವಿಚಾರಿಸಿ. ವಿಚಾರಿಸುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯವರೊಡನೆ ಮಾತನಾಡಿ, ಕೋವಿಯನ್ನು ಹಾಗೆಂದವರ ಕೈಗೆಟುಕದಂತೆ ಸುರಕ್ಷಿತವಾಗಿ ಇಡುವ ವ್ಯವಸ್ಥೆ ಮಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಸಶಸ್ತ್ರ ಪಡೆಗಳಿಗೆಂದೇ ಇದರ ವಿಶೇಷ ಘಟಕವೊಂದು 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಆರಂಭವಾಗಿದೆ.

ಉತ್ತರ 3: ಅಗ್ನಿಶಾಮಕ ದಳದಿಂದ ನಿವೃತ್ತ, ಕರಾವಳಿ

ಸೈನಿಕರಿಗೆ ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಇದೆ, ಕ್ಯಾಂಟೀನ್‌ನ ಸರದಿಯಲ್ಲಾದರೂ ಹಳಬರು ಒಬ್ಬರನ್ನೊಬ್ಬರು ಕಾಣುತ್ತಾರೆ. ನಮ್ಮಂಥವರಿಗೆ, ಅದರಲ್ಲೂ 108ರಲ್ಲಿ ದುಡಿಯುವ ಹುಡುಗರಿಗೆ, ಅಷ್ಟೂ ಇಲ್ಲ. ಅವರನ್ನು ನೀವು ನೆನೆಸಿಕೊಂಡದ್ದಕ್ಕೆ ಮನಸ್ಸು ತುಂಬಿ ಬಂತು.

ಕೊಳೆತ ಶವಗಳನ್ನು ಎತ್ತಿದ ಒಂದು ಮಳೆಗಾಲದ ಬಳಿಕ ನಾನು ಚಮಚೆಯಲ್ಲೇ ಊಟ ಮಾಡುತ್ತೇನೆ. ಕೈಯಲ್ಲಿ ಅನ್ನ ಕಲಸಿದರೆ ವಾಸನೆ ಬರುತ್ತದೆ. ಸತ್ತವರಲ್ಲಿ ಕೆಲವರ ಗುರುತು ಹತ್ತಲೇ ಇಲ್ಲ. ಅವರಿಗೆ ಯಾರು ಏನು ಮಾಡಿದರೋ ಎಂಬ ಸಂಕಟ ಬಿಡದೆ, ಮಹಾಲಯ ಅಮಾವಾಸ್ಯೆಯಂದು ಪುರೋಹಿತರನ್ನು ಕೇಳಿಕೊಂಡು ಅವರಿಗಾಗಿಯೂ ತಿಲತರ್ಪಣ ಬಿಟ್ಟೆ. ಜೊತೆಗೆ ಕೆಲಸ ಮಾಡಿದ ಕ್ರೈಸ್ತ ಗೆಳೆಯರು ನವೆಂಬರ್ 2ರ ಆತ್ಮರ ದಿನದಂದು ಬಲಿಪೂಜೆ ಇಡಿಸಿದರು, ಮುಸ್ಲಿಂ ಗೆಳೆಯರು ದುವಾ ಮಾಡಿಸಿದರು. ಅನಂತರ ಎಲ್ಲರೂ ಒಂದೇ ಹೋಟೆಲಿನಲ್ಲಿ ಕುಳಿತು, ಅಲ್ಲಿಯವರೆಗೆ ಒಬ್ಬರಿಗೊಬ್ಬರು ಹೇಳದಿದ್ದದ್ದನ್ನು ಹೇಳಿಕೊಂಡೆವು. ತರ್ಪಣದಿಂದ ಎದೆಯ ಭಾರ ಇಳಿಯಿತು. ನಿದ್ರೆ ಬಂದದ್ದು ಮಾತ್ರ ವೈದ್ಯರು ಕೊಟ್ಟ ಚಿಕಿತ್ಸೆಯಿಂದ. ಎರಡನ್ನೂ ಹೇಳುವವರೊಬ್ಬರು ನಿಮ್ಮ ಕೂಟದಲ್ಲಿರಲಿ.

ಉತ್ತರ 4: ಮಾಜಿ ಸೈನಿಕರ ಪತ್ನಿ, ಹಾಸನ

ಹಿರಿಯರೆಲ್ಲ ಹೇಳಿದ್ದು ಸರಿಯಾಗಿದೆ. ಒಂದನ್ನು ಸೇರಿಸುತ್ತೇನೆ. ರಾತ್ರಿ ಗಂಡಂದಿರು ಬೆಚ್ಚಿ ಎದ್ದಾಗ ಪಕ್ಕದಲ್ಲಿರುವವರು ನಾವು; ಕುಡಿತ ಹೆಚ್ಚಾದದ್ದನ್ನು ಮೊದಲು ಕಾಣುವವರೂ ನಾವೇ. ಆದರೆ ಅವರು ಕುಳಿತ ಕೂಟದಲ್ಲಿ ನಾವು ಮಾತನಾಡಿದರೆ ದೂರು ಹೇಳಿದಂತಾಗುತ್ತದೆ. ಆದ್ದರಿಂದ ಹೆಂಗಸರಿಗೆ ಬೇರೆ ದಿನ, ಬೇರೆ ಜಾಗ ಗೊತ್ತುಮಾಡಿ. ಅದನ್ನು ನಡೆಸಲು ನಿಮ್ಮ ಅತ್ತಿಗೆಯವರನ್ನೇ ಕೇಳಿ ನೋಡಿ. ಸಂಜೆ ಹೊತ್ತು ಇಡಬೇಡಿ, ಹಾಲು ಕರೆಯುವ ವೇಳೆಯಲ್ಲಿ ಯಾರಿಗೂ ಬರಲಾಗುವುದಿಲ್ಲ.