ಡುಕಾಟೊ ಕ್ಯಾಂಪರ್‌ಗೆ ಯಾವ ಟೈರ್?

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಹಳೆ ಫಿಯೆಟ್ ಡುಕಾಟೊ ಕ್ಯಾಂಪರ್ (ಒಳಗೇ ವಾಸ ಮಾಡುವಂಥ ವ್ಯಾನ್) ತಗೊಂಡೆವು. ಟೈರ್ 215/70 ಆರ್15 ಸಿಪಿ, ಅಂದರೆ ಕ್ಯಾಂಪರ್‌ಗೆಂದೇ ಮಾಡಿದ್ದು. ಗ್ರಿಪ್ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಮಾಮೂಲಿ ವ್ಯಾನ್ ಟೈರ್ ಹಾಕಿಸಿದರೆ ಸಾಕಲ್ವಾ? ಡಿಸೆಂಬರ್‌ನಲ್ಲಿ ಆಸ್ಟ್ರಿಯಾಕ್ಕೆ ಹೊರಟಿದ್ದೇವೆ.

ಉತ್ತರ 1: ಮೊದಲು ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಗುರುತಿನ ಕೊನೆಯ 4 ಅಂಕಿ ನೋಡಿ. 2215 ಅಂದರೆ 2015ರ 22ನೇ ವಾರ ತಯಾರಾದದ್ದು.

ಪ್ರಶ್ನೆ ಕೇಳಿದವರು: ನೀವು ಬರೆದಿರುವುದೇ ಇದೆ, 2215!

ಉತ್ತರ 2: ಹಾಗಾದರೆ ಟೈರ್ ತುಂಬಾ ಹಳೆಯದು, ದಯವಿಟ್ಟು ಅದರಲ್ಲಿ ಹೊರಡಬೇಡಿ. ನನ್ನದೂ ಗ್ರಿಪ್ ಇದ್ದ ಟೈರೇ. ಹೆದ್ದಾರಿಯಲ್ಲಿ ಹಿಂದಿನದು ಸಿಡಿಯಿತು, ಮಕ್ಕಳು ಒಳಗಿದ್ದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕ್ಯಾಂಪರ್ ತಿಂಗಳುಗಟ್ಟಲೆ ಪೂರ್ತಿ ಭಾರ ಹೊತ್ತು ನಿಂತೇ ಇರುತ್ತದೆ. ಸಿಪಿ ಟೈರ್ ಮಾಡಿರುವುದೇ ಅದಕ್ಕೆ. ಅದನ್ನೇ ಹಾಕಿಸಿ. ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನೋದನ್ನು ಲೋಡ್ ಇಂಡೆಕ್ಸ್ ಹೇಳುತ್ತದೆ; 109 ಅಂದರೆ ಒಂದು ಟೈರಿಗೆ 1030 ಕೆಜಿ. ಅದು ಸಾಕಾ ಅಂತ ತಿಳಿಯಲು ನೀರು, ಗ್ಯಾಸ್, ಸೈಕಲ್ ಎಲ್ಲಾ ತುಂಬಿ ಹಿಂದಿನ ಆಕ್ಸಲ್ ಮೇಲಿನ ಭಾರ ತೂಗಿಸಿ. ನಮ್ಮದು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬಂತು.

ಉತ್ತರ 3: ಚಳಿಗಾಲಕ್ಕೆ ಬೆಟ್ಟದೊಳಗೆ ಹಿಮದ ಹರಳಿರುವ ಚಿಹ್ನೆ ನೋಡಿ ತಗೊಳ್ಳಿ. 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಚಳಿಗಾಲದ ಟೈರಿಗೆ ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು: ನಾಳೆಯೇ ನಾಲ್ಕೂ ಸಿಪಿ ಬುಕ್ ಮಾಡುತ್ತೇನೆ. ತುಂಬಾ ಥ್ಯಾಂಕ್ಸ್.